ಉಳಿಸುವ ಕೈ ಎಲ್ಲಿ ನಿಲ್ಲಬೇಕು?

ಹಂಪಿಯ ಮಹಾನವಮಿ ದಿಬ್ಬದ ಹತ್ತಿರದ ಮೆಟ್ಟಿಲು ಪುಷ್ಕರಣಿ 1980ರ ದಶಕದ ಉತ್ಖನನದಲ್ಲಿ ಮಣ್ಣಿನಡಿಯಿಂದ ಎದ್ದು ಬಂತು. ಪ್ರವಾಸಿಗರು ಮೇಲೆ ನಿಂತು ಅದರ ಅಂದಕ್ಕೆ ಬೆರಗಾಗುತ್ತಾರೆ, ಫೋಟೊ ತೆಗೆದುಕೊಳ್ಳುತ್ತಾರೆ, ಮುಂದಕ್ಕೆ ಹೋಗುತ್ತಾರೆ. ಕಲ್ಲನ್ನು ಹತ್ತಿರದಿಂದ ಓದಿದವರಿಗೆ ಕಂಡದ್ದು ಬೇರೆ. ಆ ಕರಿಕಲ್ಲುಗಳ ಮೇಲೆ ಪುಟ್ಟ ಪುಟ್ಟ ಗುರುತುಗಳಿವೆ: ಈ ಕಲ್ಲು ಯಾವ ದಿಕ್ಕಿನದು, ಯಾವ ಸಾಲಿನದು, ಆ ಸಾಲಿನಲ್ಲಿ ಅದರ ಜಾಗ ಯಾವುದು. ಎಲ್ಲೋ ಕಡೆದು ಸಿದ್ಧಮಾಡಿ, ಲೆಕ್ಕ ಕೆತ್ತಿ, ಇಲ್ಲಿಗೆ ಸಾಗಿಸಿ ಜೋಡಿಸಿದ ಕೊಳ ಇದು. ಅದನ್ನು ಜೋಡಿಸಿದ ಕಲ್ಲುಕುಟಿಗರು ಮುಂದೆ ಯಾರೋ ಬಿಚ್ಚಿ ಮತ್ತೆ ಕಟ್ಟಬೇಕಾದೀತು ಎಂದು ಯೋಚಿಸಿದ್ದರೋ ಇಲ್ಲವೋ, ಇವತ್ತಿನ ಸಂರಕ್ಷಣಾ ವಾಸ್ತುಶಿಲ್ಪಿ ಮಾಡುವ ಮೊದಲ ಕೆಲಸವೂ ಇದೇ. ಒಂದು ಕಲ್ಲನ್ನು ಅಲುಗಿಸುವ ಮೊದಲು ಅದಕ್ಕೊಂದು ಸಂಖ್ಯೆ ಕೊಡುವುದು, ಆ ಸಂಖ್ಯೆಯನ್ನು ನಕ್ಷೆಯಲ್ಲಿ ಬರೆಯುವುದು, ಆ ನಕ್ಷೆಯನ್ನು ಜೋಪಾನವಾಗಿಡುವುದು.

ಜೋಪಾನ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಕಾಂಬೋಡಿಯಾದ ಅಂಗ್ಕೋರ್ ಸಾಕ್ಷಿ ಹೇಳುತ್ತದೆ. ಅಲ್ಲಿನ ಬಾಫೂನ್ ದೇವಾಲಯ ಕುಸಿಯುತ್ತಿತ್ತು. 1960ರ ದಶಕದಲ್ಲಿ ಫ್ರೆಂಚ್ ತಂಡ ಅದನ್ನು ಬಿಚ್ಚಿ, ಸುಮಾರು 3 ಲಕ್ಷ ಕಲ್ಲುಗಳನ್ನು ಸುತ್ತಲಿನ ಕಾಡಿನಲ್ಲಿ ಸಾಲಾಗಿ ಇರಿಸಿತು. ಅಂತರ್ಯುದ್ಧ ಬಂದು ಕೆಲಸ ನಿಂತಿತು. 1975ರಲ್ಲಿ ಕಲ್ಲುಗಳ ಲೆಕ್ಕವಿದ್ದ ಕಾಗದಪತ್ರಗಳು ನಾಶವಾದವು. 1995ರಲ್ಲಿ ವಾಸ್ತುಶಿಲ್ಪಿ ಪಾಸ್ಕಲ್ ರೊಯೆರ್ ಅವರ ತಂಡ ಆ ಕಲ್ಲುಗಳ ನಡುವೆ ನಿಂತಾಗ ಯಾವ ಕಲ್ಲು ಎಲ್ಲಿಯದು ಎಂದು ಹೇಳುವ ಪಟ್ಟಿ ಇರಲಿಲ್ಲ. ಹಳೆಯ ಫೋಟೊಗಳು, ಕಲ್ಲಿನ ಅಳತೆ, ಅಂಚಿನ ಕೆತ್ತನೆ ಇವನ್ನೇ ನಂಬಿ ಒಂದೊಂದನ್ನೇ ಹೊಂದಿಸಿದರು. ಮುಗಿದದ್ದು 2011ರಲ್ಲಿ. ಒಂದು ಕಟ್ಟು ಕಾಗದ ಹೋದದ್ದರಿಂದ ಹದಿನಾರು ವರ್ಷಗಳ ಕೆಲಸ ಹುಟ್ಟಿಕೊಂಡಿತು.

ಹಂಪಿಯ ಅದೃಷ್ಟ ಈ ವಿಷಯದಲ್ಲಿ ತಕ್ಕಮಟ್ಟಿಗೆ ಚೆನ್ನಾಗಿದೆ. 1799ರಲ್ಲಿ ಕಾಲಿನ್ ಮೆಕೆಂಜಿ ಇಲ್ಲಿಗೆ ಬಂದು ಊರಿನ ಮೊದಲ ನಕ್ಷೆ ಬರೆಸಿದ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳ ಮೇಲೆ ಇಲ್ಲಿನ ಗುಡಿಗಳನ್ನು ಸೆರೆಹಿಡಿದ. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ದಕ್ಷಿಣ ವಲಯದ ಮುಖ್ಯಸ್ಥರಾಗಿದ್ದ ಎ.ಎಚ್. ಲಾಂಗ್‌ಹರ್ಸ್ಟ್ 1917ರಲ್ಲಿ ಹಂಪಿಯ ಅವಶೇಷಗಳ ಬಗ್ಗೆ ಪುಸ್ತಕ ಪ್ರಕಟಿಸಿದರು. ಆಸ್ಟ್ರೇಲಿಯಾದಲ್ಲಿ ವಾಸ್ತುಶಿಲ್ಪ ಕಲಿತ ಜಾರ್ಜ್ ಮಿಶೆಲ್ ಮತ್ತು ಅಮೆರಿಕದ ಪುರಾತತ್ವಜ್ಞ ಜಾನ್ ಫ್ರಿಟ್ಜ್ 1980ರಿಂದ ಎರಡು ದಶಕಗಳ ಕಾಲ ಚಳಿಗಾಲದಲ್ಲಿ ಇಲ್ಲಿ ಬೀಡುಬಿಟ್ಟು, ನೆಲವನ್ನೆಲ್ಲ ಚೌಕಗಳಾಗಿ ವಿಂಗಡಿಸಿ, ದೊಡ್ಡ ಗುಡಿಯಿಂದ ಹಿಡಿದು ಹೊಲದ ಬದುವಿನಲ್ಲಿ ನಿಂತ ಒಂಟಿ ಮಂಟಪದವರೆಗೆ ಅಳೆದರು. ದೇಶವಿದೇಶಗಳ ವಾಸ್ತುಶಿಲ್ಪ ವಿದ್ಯಾರ್ಥಿಗಳು ಟೇಪು ಹಿಡಿದು ಬಿಸಿಲಲ್ಲಿ ನಿಂತು ಅಳತೆಯ ನಕ್ಷೆಗಳನ್ನು ಬರೆದರು. ಗ್ರೀನ್‌ಲಾ ನಿಂತ ಜಾಗಗಳಲ್ಲೇ ನಿಂತು ಜಾನ್ ಗೊಲ್ಲಿಂಗ್ಸ್ 1983ರಲ್ಲಿ ಮತ್ತೆ ಫೋಟೊ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟರೆ 127 ವರ್ಷಗಳಲ್ಲಿ ಯಾವ ಇಟ್ಟಿಗೆ ಬಿತ್ತು, ಯಾವ ಕಂಬ ವಾಲಿತು, ಎಲ್ಲಿ ಮರ ಬೆಳೆಯಿತು ಎಂಬುದು ಕಣ್ಣಿಗೆ ಕಟ್ಟುತ್ತದೆ. ವಿಜಯನಗರವನ್ನು ಉಳಿಸುವ ಕೆಲಸ ಉಳಿಗಿಂತ ಮೊದಲು ಪೆನ್ಸಿಲ್ಲಿನಿಂದ ಶುರುವಾಯಿತು ಎನ್ನಲು ಅಡ್ಡಿಯಿಲ್ಲ.

ಇನ್ನು ಕಟ್ಟಡದ ಮೈಯ ವಿಚಾರ. ಹಂಪಿಯ ಗುಡಿ ಎಂದರೆ ಎರಡು ಬಗೆಯ ಕಟ್ಟೋಣ ಒಂದರ ಮೇಲೊಂದು ಕೂತದ್ದು. ಕೆಳಗೆ ಬೆಣಚುಕಲ್ಲು: ಕಂಬ, ಅದರ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಗಳ ಮೇಲೆ ಚಪ್ಪಡಿ. ಇವುಗಳ ನಡುವೆ ಗಾರೆ ಇಲ್ಲ. ಭಾರವೇ ಎಲ್ಲವನ್ನೂ ಹಿಡಿದು ನಿಲ್ಲಿಸುತ್ತದೆ. ಮೇಲೆ ಶಿಖರ, ಗೋಪುರ, ಸುತ್ತಿನ ಕೈಪಿಡಿಗೋಡೆ: ಇವೆಲ್ಲ ಇಟ್ಟಿಗೆ ಮತ್ತು ಸುಣ್ಣದ ಗಾರೆ, ಹೊರಗೆ ಗಚ್ಚುಗಾರೆಯ ಬೊಂಬೆಗಳು. 1565ರ ನಂತರ ಊರು ಪಾಳುಬಿದ್ದಾಗ ಕಲ್ಲಿನ ಭಾಗ ಹೆಚ್ಚು ಉಳಿದು, ಇಟ್ಟಿಗೆಯ ಭಾಗ ಹೆಚ್ಚು ಅಳಿದದ್ದಕ್ಕೆ ಕಾರಣ ಇದು.

ಕಲ್ಲು ಉಳಿಯಿತು ಎಂದ ಮಾತ್ರಕ್ಕೆ ಕಲ್ಲಿಗೆ ರೋಗವಿಲ್ಲ ಎಂದಲ್ಲ. ಬೆಣಚುಕಲ್ಲು ಮೇಲಿನಿಂದ ಬಿದ್ದ ಭಾರವನ್ನು ಎಷ್ಟು ಬೇಕಾದರೂ ತಾಳುತ್ತದೆ, ಬಾಗುವುದನ್ನು ಮಾತ್ರ ತಾಳದು. ಎರಡು ಕಂಬಗಳ ನಡುವೆ ಮಲಗಿದ ತೊಲೆಯ ಕೆಳಮೈಯಲ್ಲಿ ಕೂದಲಷ್ಟು ಬಿರುಕು ಕಂಡರೆ ಅದು ಒಂದು ದಿನ ಮೇಲಕ್ಕೆ ಹತ್ತುತ್ತದೆ. ಚಾವಣಿಯ ಮೇಲೆ ನೀರು ಒಳಗಿಳಿಯದಂತೆ ಹಾಕಿದ್ದ ಸುಣ್ಣ-ಇಟ್ಟಿಗೆಜಲ್ಲಿಯ ಹೊದಿಕೆ ಒಡೆದರೆ ಮಳೆ ಚಪ್ಪಡಿಗಳ ಸಂದಿಗೆ ಇಳಿಯುತ್ತದೆ. ಹಕ್ಕಿ ಉದುರಿಸಿದ ಅರಳಿ ಬೀಜ ಆ ತೇವದಲ್ಲಿ ಮೊಳೆಯುತ್ತದೆ. ಬೇರು ಸಂದಿಯನ್ನು ಅಗಲಿಸುತ್ತದೆ. ನಿಧಿಯ ಆಸೆಗೆ ಕಂಬದ ಬುಡ ಅಗೆದವರ ಗುಂಡಿಗಳು ತಳಪಾಯವನ್ನು ಸಡಿಲಿಸಿರುತ್ತವೆ. ಹೀಗೆ ನಾಲ್ಕೈದು ಕಡೆಯಿಂದ ಪೆಟ್ಟು ತಿಂದ ಮಂಟಪ ಒಂದು ಜೋರು ಮಳೆಯ ರಾತ್ರಿ ಬಿದ್ದುಬಿಟ್ಟರೆ ಜನ ಮಳೆಯನ್ನು ದೂರುತ್ತಾರೆ. 2024ರ ಮೇ ತಿಂಗಳಲ್ಲಿ ವಿರೂಪಾಕ್ಷ ಬಜಾರಿನ ಸಾಲುಮಂಟಪದ ಒಂದು ಭಾಗ ಮಳೆಗೆ ಉರುಳಿದಾಗಲೂ ಮೊದಲು ಕೇಳಿದ ಮಾತು ಅದೇ. ಮಳೆ ಕೊನೆಯ ಪೆಟ್ಟು ಕೊಟ್ಟಿತು, ನಿಜ. ಅದಕ್ಕಿಂತ ಹಿಂದಿನ ಪೆಟ್ಟುಗಳನ್ನು ಎಣಿಸಬೇಕಾದದ್ದು ಮನುಷ್ಯರ ಕೆಲಸ.

ಸಂರಕ್ಷಣಾ ವಾಸ್ತುಶಿಲ್ಪಿಯ ದಿನಚರಿಯಲ್ಲಿ ಹೆಚ್ಚಿನ ಪಾಲು ಇಂಥ ಎಣಿಕೆಗೇ ಹೋಗುತ್ತದೆ. ನೀರು ಎಲ್ಲಿಂದ ಬಂತು, ಎಲ್ಲಿಗೆ ಹೋಗಬೇಕಿತ್ತು, ಎಲ್ಲಿ ನಿಂತಿತು? ಹಂಪಿಯ ನೆಲದಡಿಯ ಶಿವಾಲಯದ ಗರ್ಭಗುಡಿಯಲ್ಲಿ ವರ್ಷದ ಬಹುಕಾಲ ನೀರು ನಿಂತಿರುತ್ತದೆ. ಅದನ್ನು ಪಂಪು ಹಾಕಿ ಹೊರಚೆಲ್ಲಿದ ಮಾತ್ರಕ್ಕೆ ಸಮಸ್ಯೆ ತೀರದು. ಸುತ್ತ ತುರ್ತು ಎಂಬ ಹೆಸರಿನ ಕಾಲುವೆಯ ನೀರುಂಡ ಬಾಳೆತೋಟಗಳಿವೆ, ನೆಲದ ಮಟ್ಟ ಏರಿದೆ, ಹಳೆಯ ಚರಂಡಿಗಳು ಮುಚ್ಚಿಹೋಗಿವೆ. ಗುಡಿಯೊಂದರ ತೇವವನ್ನು ಅರಿಯಲು ಅರ್ಧ ಊರಿನ ನೀರಿನ ದಾರಿಯನ್ನು ಅರಿಯಬೇಕಾಗುತ್ತದೆ.

ಬಿದ್ದ ತೊಲೆಯನ್ನು ಮತ್ತೆ ಏರಿಸುವ ಕೆಲಸಕ್ಕೆ ಈಗ ಕ್ರೇನು ಬಂದಿದೆ. ಆದರೆ ಇಕ್ಕಟ್ಟಿನ ಜಾಗಗಳಲ್ಲಿ ಇವತ್ತಿಗೂ ಮೂರುಕಾಲಿನ ಕಂಬ, ಚೈನ್ ಪುಲ್ಲಿ, ಮರದ ದಿಮ್ಮಿಗಳೇ ಗತಿ. ಸೀಳಿದ ತೊಲೆಯನ್ನು ಎಸೆಯಬೇಕಿಲ್ಲ. ತುಕ್ಕು ಹಿಡಿಯದ ಸ್ಟೀಲ್ ಸಲಾಕೆಯನ್ನು ಒಳಗೆ ಕೂರಿಸಿ ಹೊಲಿಯಬಹುದು. ಹಿಂದಿನ ತಲೆಮಾರಿನವರಿಗೆ ಈ ಅನುಕೂಲ ಇರಲಿಲ್ಲ. ವಿಜಯವಿಠ್ಠಲ ದೇವಾಲಯದ ಮಹಾಮಂಟಪದಲ್ಲಿ ಸೀಳಿದ ತೊಲೆಗಳ ಕೆಳಗೆ ಅವರು ಒರಟು ಕಂಬಗಳನ್ನು ಕಟ್ಟಿ ಆಸರೆ ಕೊಟ್ಟರು. ಸೂಕ್ಷ್ಮ ಕೆತ್ತನೆಯ ಕಂಬಗಳ ಪಕ್ಕ ಅವು ಕಣ್ಣಿಗೆ ಚುಚ್ಚುತ್ತಿದ್ದವು ಎಂದು ಬೈದವರು ಬಹಳ. ಆ ಆಸರೆ ಇಲ್ಲದಿದ್ದರೆ ಬೈಯಲು ಮಂಟಪವೇ ಇರುತ್ತಿರಲಿಲ್ಲ ಎಂಬುದನ್ನೂ ನೆನೆಯಬೇಕು. ಅಂದಕ್ಕಿಂತ ಮೊದಲು ಪ್ರಾಣ ಉಳಿಸಿದ ಆ ಕೈಗಳಿಗೆ ಋಣಿಯಾಗಿರುವುದು ನ್ಯಾಯ.

ಗಾರೆಯ ವಿಚಾರಕ್ಕೆ ಬಂದರೆ ಹೊಸಪೇಟೆಯವರಿಗೆ ದೂರದ ಉದಾಹರಣೆ ಬೇಡ. 1945ರಲ್ಲಿ ಶಂಕುಸ್ಥಾಪನೆಯಾಗಿ 1953ರಲ್ಲಿ ನೀರು ನಿಲ್ಲಿಸಿದ ತುಂಗಭದ್ರಾ ಅಣೆಕಟ್ಟೆಯ ಕಲ್ಲಿನ ಕಟ್ಟಡಕ್ಕೆ ಬಳಸಿದ್ದು ಸುಣ್ಣ ಮತ್ತು ಇಟ್ಟಿಗೆ ಪುಡಿಯ ಸುರ್ಕಿ ಗಾರೆ. ತಿರುಮಲೈ ಅಯ್ಯಂಗಾರ್ ಅವರಂಥ ಇಂಜಿನಿಯರುಗಳು ಅದನ್ನು ನಂಬಿ ಇಷ್ಟು ದೊಡ್ಡ ನದಿಯನ್ನು ತಡೆದರು. 2024ರ ಆಗಸ್ಟಿನಲ್ಲಿ 19ನೇ ಗೇಟಿನ ಸರಪಳಿ ತುಂಡಾಗಿ ನೀರು ನುಗ್ಗಿದಾಗ ಕೈಕೊಟ್ಟದ್ದು ಕಬ್ಬಿಣ, ಕಲ್ಲುಗಾರೆಯ ಗೋಡೆಯಲ್ಲ.

ಹಳೆಯ ಕಟ್ಟಡಕ್ಕೆ ಸುಣ್ಣವೇ ಏಕೆ ಎಂಬುದಕ್ಕೆ ಭಕ್ತಿಯ ಕಾರಣ ಬೇಕಿಲ್ಲ, ರಸಾಯನಶಾಸ್ತ್ರದ ಕಾರಣವೇ ಸಾಕು. ಸುಣ್ಣದ ಗಾರೆ ಉಸಿರಾಡುತ್ತದೆ: ಒಳಗೆ ಬಂದ ತೇವವನ್ನು ಹೊರಕ್ಕೆ ಬಿಡುತ್ತದೆ. ಬಿಸಿಲಿಗೆ ಇಟ್ಟಿಗೆ ಹಿಗ್ಗಿದರೆ ತಾನೂ ಅಷ್ಟಿಷ್ಟು ಸರಿಯುತ್ತದೆ. ಸಿಮೆಂಟು ಬಿಗಿಯಾದದ್ದು, ತೇವವನ್ನು ಒಳಗೇ ಕೂಡಿಹಾಕುತ್ತದೆ, ಅದರಲ್ಲಿನ ಲವಣಗಳು ಹಳೆಯ ಇಟ್ಟಿಗೆಯೊಳಗೆ ಇಳಿದು ಒಣಗುವಾಗ ಹರಳುಗಟ್ಟಿ ಮೇಲ್ಮೈಯನ್ನು ಪುಡಿಪುಡಿಯಾಗಿ ಉದುರಿಸುತ್ತವೆ. ಹಿಂದೆ ಸಿಮೆಂಟು ಬಳಿದ ಎಷ್ಟೋ ಕಡೆ ಈಗ ಅದನ್ನು ಕೆತ್ತಿ ತೆಗೆಯುವುದೇ ಮೊದಲ ಕೆಲಸವಾಗಿದೆ. ಸುಣ್ಣವನ್ನು ನೀರಲ್ಲಿ ಅರಳಿಸಿ ದಿನಗಟ್ಟಲೆ ಕೊಳೆಯಲು ಬಿಟ್ಟು, ಮರಳು ಮತ್ತು ಇಟ್ಟಿಗೆ ಪುಡಿ ಸೇರಿಸಿ ಗಾಣದಲ್ಲಿ ಅರೆದು, ಬೆಲ್ಲದ ನೀರು, ಬಿಲ್ವದ ಕಾಯಿಯ ತಿರುಳು, ಅಳಲೆಕಾಯಿಯ ಕಷಾಯ ಬೆರೆಸುವ ಪದ್ಧತಿಯನ್ನು ಸರ್ವೇಕ್ಷಣ ಇಲಾಖೆ ತನ್ನ ಕೆಲಸಗಳಲ್ಲಿ ಉಳಿಸಿಕೊಂಡಿದೆ. ಒಂದು ಚೀಲ ಸಿಮೆಂಟು ಸಂಜೆಯೊಳಗೆ ಗೋಡೆಯಾಗುತ್ತದೆ, ಒಂದು ಬುಟ್ಟಿ ಸುಣ್ಣಕ್ಕೆ ವಾರಗಳು ಬೇಕು. ಗುತ್ತಿಗೆ ಕೆಲಸದ ಅವಧಿ, ಬಿಲ್ಲು, ಮಾರ್ಚ್ ತಿಂಗಳ ಲೆಕ್ಕ ಇವೆಲ್ಲ ಸಿಮೆಂಟಿನ ಪರ ಇವೆ. ಸುಣ್ಣದ ಪರ ನಿಲ್ಲಬೇಕಾದವನು ವಾಸ್ತುಶಿಲ್ಪಿ.

ಸುಣ್ಣ ಏನು ಮಾಡಬಲ್ಲದು ಎಂದು ನೋಡಬೇಕಾದವರು ಹೊಸಪೇಟೆಯಿಂದ ಹಂಪಿಯ ದಾರಿಯಲ್ಲಿರುವ ಅನಂತಶಯನಗುಡಿಗೆ ಹೋಗಬೇಕು. ಕೃಷ್ಣದೇವರಾಯ 1524ರಲ್ಲಿ ಕಟ್ಟಿಸಿದ ಈ ದೇವಾಲಯದ ಗರ್ಭಗುಡಿ ಚೌಕವಲ್ಲ, ಮಲಗಿದ ವಿಷ್ಣುವಿಗೆಂದು ಉದ್ದಕ್ಕೆ ಕಟ್ಟಿದ್ದು. ಅದರ ಮೇಲೆ ಸುಮಾರು 24 ಮೀಟರ್ ಎತ್ತರದ ಇಟ್ಟಿಗೆಯ ಶಿಖರ, ತುದಿ ಕಮಾನಿನಂತೆ ದುಂಡಾದದ್ದು. ಕಬ್ಬಿಣವಿಲ್ಲ, ಸಿಮೆಂಟಿಲ್ಲ, ಐದು ಶತಮಾನ ನಿಂತಿದೆ. ಒಳಗೆ ಮೂರ್ತಿಯಿಲ್ಲ. ಹೊಳಲಿನಿಂದ ಹೊರಟ ದೇವರು, ರಾಜ ಹಿಂತಿರುಗಿ ನೋಡಿದ್ದರಿಂದ ಅಲ್ಲೇ ಉಳಿದುಬಿಟ್ಟ ಎಂಬ ಕಥೆಯನ್ನು ಈ ಭಾಗದವರೆಲ್ಲ ಬಲ್ಲರು. ದೇವರಿಲ್ಲದ್ದರಿಂದ ಪ್ರವಾಸಿ ಬಸ್ಸುಗಳು ನಿಲ್ಲುವುದು ಕಡಿಮೆ. ವಾಸ್ತುಶಿಲ್ಪದ ವಿದ್ಯಾರ್ಥಿಗೆ ಮಾತ್ರ ಹಂಪಿಯ ಯಾವ ಗೋಪುರಕ್ಕಿಂತಲೂ ಇದು ದೊಡ್ಡ ಪಾಠಶಾಲೆ.

ಎಷ್ಟು ಮಾಡಬೇಕು, ಎಲ್ಲಿ ನಿಲ್ಲಿಸಬೇಕು? ಈ ವೃತ್ತಿಯ ಕಷ್ಟವೆಲ್ಲ ಈ ಪ್ರಶ್ನೆಯಲ್ಲಿದೆ. ಸರ್ ಜಾನ್ ಮಾರ್ಷಲ್ 1923ರಲ್ಲಿ ಸರ್ವೇಕ್ಷಣ ಇಲಾಖೆಗೆ ಬರೆದ ಸಂರಕ್ಷಣಾ ಕೈಪಿಡಿ ಹಳೆಯದನ್ನು ಹೊಸದಾಗಿ ಮಾಡುವ ಆಸೆಗೆ ಕಡಿವಾಣ ಹಾಕಿತು. 1964ರ ವೆನಿಸ್ ಸನ್ನದು ಅದೇ ನಿಲುವನ್ನು ಜಗತ್ತಿಗೆಲ್ಲ ಹೇಳಿತು: ಊಹೆ ಶುರುವಾದ ಕಡೆ ಕೈ ನಿಲ್ಲಬೇಕು, ಹೊಸದಾಗಿ ಸೇರಿಸಿದ್ದು ಹೊಸದೆಂದು ಗುರುತಾಗಬೇಕು.

ಕೇಳಲು ಸುಲಭ. ಉಗ್ರನರಸಿಂಹನ ಮುಂದೆ ನಿಂತರೆ ಕಷ್ಟ ಗೊತ್ತಾಗುತ್ತದೆ. 1528ರಲ್ಲಿ ಪ್ರತಿಷ್ಠೆಯಾದ, 6.7 ಮೀಟರ್ ಎತ್ತರದ ಆ ಏಕಶಿಲಾ ಮೂರ್ತಿಯ ಮೊಣಕಾಲುಗಳಿಗೆ ಅಡ್ಡಲಾಗಿ ಇಂದು ಕಾಣುವ ಕಲ್ಲಿನ ಪಟ್ಟಿ ಇತ್ತೀಚಿನ ಸಂರಕ್ಷಣೆಯ ಕಾಲದ್ದು. ತೊಡೆಯ ಮೇಲೆ ಕೂತಿದ್ದ ಲಕ್ಷ್ಮಿ ಒಡೆದುಹೋಗಿದ್ದಾಳೆ, ಸ್ವಾಮಿಯ ಬೆನ್ನಿನ ಹಿಂದೆ ಅವಳ ಒಂದು ಕೈ ಮಾತ್ರ ಉಳಿದಿದೆ. ಅವಳನ್ನು ಮತ್ತೆ ಕೆತ್ತಿ ಕೂರಿಸಬೇಕೆಂಬ ಮಾತು ಆಗಾಗ ಕೇಳಿಬರುತ್ತದೆ. ಆ ಆಸೆಯ ಹಿಂದಿನ ಭಕ್ತಿ ನಿಜವಾದದ್ದು, ಅದನ್ನು ಹಗುರವಾಗಿ ನೋಡಬಾರದು. ಆದರೆ ಆ ಲಕ್ಷ್ಮಿಯ ಮುಖ ಹೇಗಿತ್ತು? ಗ್ರೀನ್‌ಲಾ ಬರುವುದಕ್ಕೆ ಮೊದಲೇ ಅವಳು ಹೋಗಿದ್ದಳು. ಹೊಸದಾಗಿ ಕೆತ್ತಿದರೆ ಅವಳು ನಮ್ಮ ಕಾಲದ ಲಕ್ಷ್ಮಿಯಾಗುತ್ತಾಳೆ, ಕೃಷ್ಣದೇವರಾಯನ ಶಿಲ್ಪಿಯ ಲಕ್ಷ್ಮಿಯಲ್ಲ. ಉಳಿದ ಆ ಒಂದು ಕೈಯೇ ಇಡೀ ಕಥೆ ಹೇಳುತ್ತಿರುವಾಗ ಅದರ ಮೇಲೆ ಇನ್ನೊಂದು ಕಥೆ ಹೇರುವುದು ಸಲ್ಲದು.

ಕಲ್ಲಿನ ರಥದ ಪ್ರಶ್ನೆ ಇದಕ್ಕಿಂತ ಜಟಿಲ. 50 ರೂಪಾಯಿ ನೋಟಿನ ಮೇಲೆ ಮನೆಮನೆ ಸೇರಿದ ಆ ರಥದ ಮೇಲೆ ಒಂದು ಕಾಲಕ್ಕೆ ಇಟ್ಟಿಗೆಯ ಶಿಖರವಿತ್ತು. 1856ರ ಗ್ರೀನ್‌ಲಾ ಫೋಟೊದಲ್ಲಿ ಅದು ಸ್ಪಷ್ಟವಾಗಿದೆ. ಆಮೇಲೆ ಅದನ್ನು ತೆಗೆದುಹಾಕಲಾಯಿತು. ಮುಂದೆ ಎಳೆಯುತ್ತಿರುವಂತೆ ನಿಂತ ಆನೆಗಳೂ ಮೂಲದವಲ್ಲ, ಅಲ್ಲಿದ್ದ ಕುದುರೆಗಳ ಬಾಲದ ಕುರುಹು ಹಿಂದೆ ಇನ್ನೂ ಇದೆ. ಹಾಗಾದರೆ ಜನ ಪೂಜ್ಯಭಾವದಿಂದ ನೋಡುವ ಈ ರಥ ಮೂಲದ ರಥವಲ್ಲ, ಕಾಲ ಕಡೆದ ರಥ. ಫೋಟೊ ಇದೆಯಲ್ಲ, ಶಿಖರವನ್ನು ಮತ್ತೆ ಕಟ್ಟಬಾರದೇಕೆ ಎಂದು ಕೇಳುವವರಿಗೆ ಪ್ಯಾರಿಸ್ಸಿನ ನೋತ್ರ್ ದಾಮ್ ನೆನಪಾಗುತ್ತದೆ. 2019ರ ಏಪ್ರಿಲಿನಲ್ಲಿ ಬೆಂಕಿಗೆ ಬಿದ್ದ ಅದರ ಶಿಖರ ಮತ್ತು ಮರದ ಚಾವಣಿಯನ್ನು ಇದ್ದಂತೆಯೇ ಕಟ್ಟಿ 2024ರ ಡಿಸೆಂಬರಿನಲ್ಲಿ ಬಾಗಿಲು ತೆರೆದರು. ಅಲ್ಲಿ ಬೆಂಕಿಗೆ ಮೊದಲೇ ಲೇಸರ್ ಸ್ಕ್ಯಾನ್ ಆಗಿತ್ತು, ಹಳೆಯ ನಕ್ಷೆಗಳಿದ್ದವು, ನಷ್ಟವೂ ನಿನ್ನೆ ಮೊನ್ನೆಯದು. ಇಲ್ಲಿ ಇರುವುದು ಒಂದು ಕಾಗದದ ನೆಗೆಟಿವ್ ಕೊಟ್ಟ ಹೊರರೇಖೆ. ಶಿಖರದ ಗಚ್ಚುಗಾರೆಯ ಬೊಂಬೆಗಳು ಯಾವುವು, ಹಿಂಬದಿಯಲ್ಲಿ ಏನಿತ್ತು ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. ಕಲ್ಲಿನ ಚಾವಣಿಯ ಮೇಲೆ ಹೊಸದಾಗಿ ಟನ್‌ಗಟ್ಟಲೆ ಭಾರ ಹೇರುವ ಪ್ರಶ್ನೆ ಬೇರೆ. ಶಿಖರ ಫೋಟೊದಲ್ಲಿ ಇರಲಿ, ರಥ ಇದ್ದಂತೆ ಇರಲಿ. 2020ರ ಸುಮಾರಿಗೆ ರಥದ ಸುತ್ತ ತಡೆ ಹಾಕಿ ಜನ ಮುಟ್ಟದಂತೆ ಮಾಡಿದ್ದು ಯಾವ ಶಿಖರಕ್ಕಿಂತ ದೊಡ್ಡ ಸಂರಕ್ಷಣೆ.

ಕಟ್ಟಡವನ್ನು ಸುತ್ತಲಿನ ಬೆಟ್ಟದಿಂದ ಬಿಡಿಸಿ ನೋಡಲಾಗದು ಎಂಬುದನ್ನು ಕಲಿಸಿದ್ದು ಸಂಡೂರು ಸೀಮೆ. ಸಂಡೂರಿನ ಕುಮಾರಸ್ವಾಮಿ ಬೆಟ್ಟದ ಮೇಲೆ ಬಾದಾಮಿ ಚಾಲುಕ್ಯರ ಮತ್ತು ರಾಷ್ಟ್ರಕೂಟರ ಕಾಲದ ಗುಡಿಗಳಿವೆ. ಹಂಪಿಗಿಂತ ಆರೇಳು ಶತಮಾನ ಹಿರಿಯವು. ಅವು ನಿಂತ ಬೆಟ್ಟಗಳ ಹೊಟ್ಟೆಯಲ್ಲಿ ಕಬ್ಬಿಣದ ಅದಿರು. ಈ ಶತಮಾನದ ಮೊದಲ ದಶಕದಲ್ಲಿ ಅದಿರಿನ ಬೆಲೆ ಏರಿದಾಗ ಸ್ಫೋಟದ ಸದ್ದು, ಕೆಂಪು ಧೂಳು, ಲಾರಿಗಳ ಸಾಲು ಎಲ್ಲಿಗೂ ಮುಟ್ಟಿದವು. ಹೊಸಪೇಟೆಯ ಪಕ್ಕದ ಜಂಬುನಾಥ ಬೆಟ್ಟದ ಜಂಬುನಾಥೇಶ್ವರ ದೇವಾಲಯದಲ್ಲಿ ಬಿರುಕುಗಳು ಕಾಣಿಸಿ, ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2013ರಲ್ಲಿ ಬಂದ ತೀರ್ಪು ಗುಡಿಯ ಸುತ್ತ ಗಣಿಗಾರಿಕೆಯನ್ನು ತಡೆದು, ಜೀರ್ಣೋದ್ಧಾರದ ಹಣವನ್ನು ಗಣಿಯವರೇ ಕೊಡಬೇಕೆಂದಿತು. ದೊಡ್ಡ ರಾಜಧಾನಿಯ ಸ್ಮಾರಕವಲ್ಲ, ಊರಿನವರು ನಡೆದುಕೊಳ್ಳುವ ಒಂದು ಗುಡಿ. ಅದರ ಬಿರುಕಿನ ಅಗಲ ದೇಶದ ಅತ್ಯುನ್ನತ ನ್ಯಾಯಾಲಯದಲ್ಲಿ ಚರ್ಚೆಯಾದದ್ದು ಸಣ್ಣ ಸಂಗತಿಯಲ್ಲ. ಅಲ್ಲಿಯೂ ಕೊನೆಗೆ ಬೇಕಾದದ್ದು ಯಾವ ಬಿರುಕು ಹಳೆಯದು, ಯಾವುದು ಸ್ಫೋಟದ್ದು ಎಂದು ಕಲ್ಲನ್ನು ಓದಿ ಹೇಳಬಲ್ಲ ತಜ್ಞರು.

ಹಂಪಿಯಲ್ಲಿ ಈ ಪಾಠ ಸೇತುವೆಯೊಂದರಿಂದ ಬಂತು. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಹಂಪಿ 1999ರಲ್ಲಿ ಅಪಾಯದ ಪಟ್ಟಿಗೆ ಬಿತ್ತು, ತಳವಾರಘಟ್ಟದಲ್ಲಿ ಆನೆಗೊಂದಿಯ ಕಡೆಗೆ ಕಟ್ಟುತ್ತಿದ್ದ ಸೇತುವೆಯ ಕಾರಣಕ್ಕೆ. ನದಿ ದಾಟಲು ತೆಪ್ಪವನ್ನೇ ನಂಬಿದ್ದ ಜನರಿಗೆ ಸೇತುವೆ ಬೇಕಿತ್ತು. ಆ ಬೇಡಿಕೆ ತಪ್ಪಲ್ಲ. 2006ರಲ್ಲಿ ಹಂಪಿ ಅಪಾಯದ ಪಟ್ಟಿಯಿಂದ ಹೊರಬಂತು. 2009ರ ಜನವರಿಯಲ್ಲಿ ಅರೆಬರೆ ಸೇತುವೆ ಕುಸಿದು ಕೂಲಿಕಾರರು ಜೀವ ತೆತ್ತರು. ಇದರ ನಡುವೆ 2002ರ ಕಾಯ್ದೆಯಿಂದ ಹಂಪಿ ಪ್ರಾಧಿಕಾರ ಹುಟ್ಟಿತು, ದೆಹಲಿಯ ಯೋಜನೆ ಮತ್ತು ವಾಸ್ತುಶಿಲ್ಪ ವಿದ್ಯಾಲಯದ ಪ್ರೊ. ನಳಿನಿ ಠಾಕೂರ್ ಹಂಪಿಗಾಗಿ ಸಮಗ್ರ ನಿರ್ವಹಣಾ ಯೋಜನೆ ಸಿದ್ಧಪಡಿಸಿದರು. ಸ್ಮಾರಕಗಳನ್ನು ಬೇಲಿ ಹಾಕಿದ ಬಿಡಿ ಬಿಡಿ ವಸ್ತುಗಳೆಂದು ನೋಡದೆ ಬಂಡೆ, ಹೊಳೆ, ಕಾಲುವೆ, ಗದ್ದೆ, ಊರು, ಗುಡಿ ಎಲ್ಲವೂ ಒಂದೇ ರಚನೆ ಎಂದು ನೋಡಿದ್ದು ಆ ಯೋಜನೆಯ ಹೆಗ್ಗಳಿಕೆ. ಒಬ್ಬ ವಾಸ್ತುಶಿಲ್ಪಿ ಹಂಪಿಗೆ ಕೊಟ್ಟ ದೊಡ್ಡ ಕಾಣಿಕೆಗಳಲ್ಲಿ ಅದೂ ಒಂದು.

ಯೋಜನೆಯ ಆಶಯ ಒಂದು, ನಡೆದದ್ದು ಇನ್ನೊಂದು. 2011ರ ಜುಲೈನಲ್ಲಿ ವಿರೂಪಾಕ್ಷ ಬಜಾರಿನ ಸಾಲುಮಂಟಪಗಳಲ್ಲಿ ಮನೆ, ಅಂಗಡಿ, ಹೋಟೆಲು ಮಾಡಿಕೊಂಡಿದ್ದ ಕುಟುಂಬಗಳನ್ನು ಎಬ್ಬಿಸಲಾಯಿತು. ಅವರಿಗೆ ಕಡ್ಡಿರಾಂಪುರದ ಕಡೆ ಜಾಗ ತೋರಿಸಲಾಯಿತು. ಕಂಬಗಳ ನಡುವೆ ಎದ್ದಿದ್ದ ಗೋಡೆಗಳು ಮಂಟಪಗಳಿಗೆ ಹಾನಿ ಮಾಡಿದ್ದು ನಿಜ. ಅಲ್ಲಿ ಬದುಕಿದ್ದವರಿಗೆ ಸಮಯ ಕೊಡದೆ, ಮಾತಿಗೆ ಕೂರಿಸದೆ ಬುಲ್ಡೋಜರ್ ತಂದದ್ದೂ ನಿಜ, ಅದು ಅನ್ಯಾಯ. ಇನ್ನೊಂದು ನಷ್ಟ ಲೆಕ್ಕಕ್ಕೆ ಬಂದಿಲ್ಲ: ಬೆಳಗ್ಗೆ ಎದ್ದು ಮಂಟಪದ ಮುಂದೆ ಕಸ ಗುಡಿಸಿ ರಂಗೋಲಿ ಹಾಕುತ್ತಿದ್ದವರು ಸೂರು ಸೋರಿದರೆ ಅಂದೇ ನೋಡುತ್ತಿದ್ದರು. ಬರಿದಾದ ಬಜಾರಿನಲ್ಲಿ ಸೋರಿಕೆಯನ್ನು ಗಮನಿಸುವವರು ತಪಾಸಣೆಯ ದಿನ ಮಾತ್ರ ಬರುತ್ತಾರೆ. ನದಿಯಾಚೆ ಆನೆಗೊಂದಿಯಲ್ಲಿ ಶಮಾ ಪವಾರ್ ಅವರ ಕಿಷ್ಕಿಂಧಾ ಟ್ರಸ್ಟ್ 1997ರಿಂದ ಬೇರೆ ದಾರಿ ಹಿಡಿದಿದೆ. ಹಳೆಯ ಮನೆಗಳನ್ನು ದುರಸ್ತಿ ಮಾಡಿ, ಬಾಳೆನಾರಿನ ಕೈಕೆಲಸ ಕಲಿಸಿ, ಊರು ಊರಾಗಿಯೇ ಇರುವಂತೆ ನೋಡಿಕೊಂಡಿದೆ. ಎರಡು ದಡಗಳ ಈ ಎರಡು ಅನುಭವಗಳನ್ನು ಪಕ್ಕಪಕ್ಕ ಇಟ್ಟು ಓದದೆ ಹಂಪಿಯ ಮುಂದಿನ ಯೋಜನೆ ಬರೆಯಬಾರದು.

2019ರಲ್ಲಿ ನಡೆದ ಎರಡು ಘಟನೆಗಳನ್ನೂ ಇಲ್ಲಿ ಹೇಳಬೇಕು. ಫೆಬ್ರವರಿಯಲ್ಲಿ, ಗಜಶಾಲೆಯ ಹಿಂದಿನ ವಿಷ್ಣು ದೇವಾಲಯದ ಆವರಣದಲ್ಲಿ ನಾಲ್ವರು ಯುವಕರು ಕಂಬ ಉರುಳಿಸಿದ ವಿಡಿಯೊ ಊರೂರು ಸುತ್ತಿತು. ಹೊಸಪೇಟೆಯ ನ್ಯಾಯಾಲಯ ನಾಲ್ವರಿಗೂ ತಲಾ 70 ಸಾವಿರ ರೂಪಾಯಿ ದಂಡ ಹಾಕಿತು, ಕಂಬಗಳನ್ನು ಅವರ ಕೈಯಿಂದಲೇ ಎತ್ತಿಸಿ ನಿಲ್ಲಿಸಿತು. ಜುಲೈನಲ್ಲಿ ಆನೆಗೊಂದಿಯ ನವವೃಂದಾವನದಲ್ಲಿ ವ್ಯಾಸರಾಜರ ವೃಂದಾವನವನ್ನು ನಿಧಿಗಳ್ಳರು ಒಡೆದರು. ಭಕ್ತರು ಓಡಿಬಂದು ಒಂದೇ ದಿನದಲ್ಲಿ ಅದನ್ನು ಮತ್ತೆ ಕಟ್ಟಿ ಪೂಜೆ ಮಾಡಿದರು. ಶಾಸ್ತ್ರದ ಪ್ರಕಾರ ಪ್ರತಿ ಚೂರಿನ ದಾಖಲೆ ಆಗಬೇಕಿತ್ತು ಎಂದು ಸಂರಕ್ಷಕ ಹೇಳಿಯಾನು. ಆದರೆ ಯತಿಗಳ ವೃಂದಾವನ ಒಂದು ರಾತ್ರಿಯೂ ಒಡೆದು ಬಿದ್ದಿರಬಾರದು ಎಂದವರ ಸಂಕಟದ ಮುಂದೆ ಆ ಮಾತು ಹಿಂದೆ ಸರಿಯಬೇಕು. ಪೂಜೆ ನಡೆಯುವ ಕಟ್ಟಡಕ್ಕೂ ಪೂಜೆ ನಿಂತ ಕಟ್ಟಡಕ್ಕೂ ಒಂದೇ ನಿಯಮ ಒಗ್ಗುವುದಿಲ್ಲ.

ಕಡೆಗೆ ಕಂಪ್ಲಿ. ವಿಜಯನಗರಕ್ಕಿಂತ ಮೊದಲು ಕಂಪಿಲರಾಯ ಮತ್ತು ಕುಮಾರರಾಮರ ಹೆಸರಿಗೆ ಸೇರಿದ ಈ ಊರಿಗೆ ವಿಶ್ವ ಪರಂಪರೆಯ ಪಟ್ಟ ಇಲ್ಲ. ಅಣೆಕಟ್ಟೆಯಿಂದ ಹೆಚ್ಚು ನೀರು ಬಿಟ್ಟ ವರ್ಷ ಸೇತುವೆ ಮುಳುಗಿದಾಗ ಮಾತ್ರ ಪತ್ರಿಕೆಯಲ್ಲಿ ಅದರ ಹೆಸರು ಬರುತ್ತದೆ. ಆದರೆ ಕಂಪ್ಲಿ, ರಾಮಸಾಗರದ ಗದ್ದೆಗಳಿಗೆ ನೀರು ತರುವ ಕಾಲುವೆಗಳು ವಿಜಯನಗರ ಕಾಲದ ಕಾಲುವೆ ಜಾಲಕ್ಕೆ ಸೇರಿದವು. ಆ ಜಾಲದ ಬಗ್ಗೆ ಪುರಾತತ್ವಜ್ಞ ಸಿ.ಟಿ.ಎಂ. ಕೊಟ್ರಯ್ಯ ಪುಸ್ತಕವನ್ನೇ ಬರೆದಿದ್ದಾರೆ. ಗುಡಿಗಳು ಪಾಳುಬಿದ್ದರೂ ಕಾಲುವೆಗಳು ಕೆಲಸ ನಿಲ್ಲಿಸಲಿಲ್ಲ. ಈಚಿನ ವರ್ಷಗಳಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದಲ್ಲಿ ಅವುಗಳ ಆಧುನೀಕರಣ ನಡೆದಿದೆ. ತುದಿಯ ಗದ್ದೆಗೆ ನೀರು ಮುಟ್ಟಬೇಕೆಂಬ ರೈತನ ಮಾತಿಗೆ ಎದುರಾಡುವಂತಿಲ್ಲ. ಹಳೆಯ ಕಲ್ಲಿನ ತೂಬು, ಕಟ್ಟೆ, ಶಾಸನ ಎಲ್ಲಿವೆ ಎಂದು ಅಳೆದು ಬರೆದುಕೊಂಡ ಮೇಲೆ ಕಾಂಕ್ರೀಟು ಸುರಿಯಿರಿ ಎಂದು ಕೇಳುವುದು ಮಾತ್ರ ತಪ್ಪಾಗದು.

ಯುನೆಸ್ಕೋ ಹೇಳುವಂತೆ ಹಂಪಿಯಲ್ಲಿ ಉಳಿದಿರುವ ಅವಶೇಷಗಳು 1,600ಕ್ಕೂ ಹೆಚ್ಚು, ಹರಡಿರುವುದು 4,187 ಹೆಕ್ಟೇರಿನಲ್ಲಿ. 2020ರಲ್ಲಿ ಸರ್ವೇಕ್ಷಣ ಇಲಾಖೆ ಹಂಪಿಗೇ ಪ್ರತ್ಯೇಕ ವಲಯ ಕಚೇರಿ ಕೊಟ್ಟಿದೆ. 2021ರಲ್ಲಿ ಹೊಸಪೇಟೆ ಜಿಲ್ಲಾ ಕೇಂದ್ರವಾಗಿದೆ. ಕಚೇರಿ ಬಂತು, ಅಧಿಕಾರಿಗಳು ಬಂದರು. ಬರಬೇಕಾದವರು ಕಲ್ಲು ಮತ್ತು ಸುಣ್ಣದ ಕೆಲಸ ಬಲ್ಲ ಕೈಗಳು. ಗಾರೆ ಅರೆಯುವ ಹದ ಗೊತ್ತಿರುವ, ಉಳಿಯ ಸದ್ದಿನಿಂದಲೇ ಕಲ್ಲಿನ ಒಡಕು ಹೇಳುವ ಹಿರಿಯ ಗೌಂಡಿಗಳು, ಕಲ್ಲುಕುಟಿಗರು ದಿನಗೂಲಿಯ ಮೇಲೆ ದುಡಿದು ಮನೆಗೆ ಹೋಗುತ್ತಾರೆ. ಅವರ ಮಕ್ಕಳು ತೋರಣಗಲ್ಲಿನ ಕಾರ್ಖಾನೆಗೆ, ಬೆಂಗಳೂರಿಗೆ ಹೋಗುತ್ತಾರೆ. ಹೊಸಪೇಟೆಯಲ್ಲೋ ಕಮಲಾಪುರದಲ್ಲೋ ಒಂದು ಸರ್ಕಾರಿ ತರಬೇತಿ ಸಂಸ್ಥೆ ಈ ಎರಡು ಕಸುಬುಗಳನ್ನು ಪ್ರಮಾಣಪತ್ರದೊಂದಿಗೆ, ಕಾಯಂ ಕೆಲಸದ ಭರವಸೆಯೊಂದಿಗೆ ಕಲಿಸಬೇಕು. ಪ್ರತಿ ವರ್ಷ ಮೇ ತಿಂಗಳೊಳಗೆ ಪ್ರತಿ ಮಂಟಪದ ಚಾವಣಿ ಹತ್ತಿ ಗಿಡ ಕೀಳುವ, ಸಂದಿ ತುಂಬುವ, ನೀರಿನ ದಾರಿ ಬಿಡಿಸುವ ಕೆಲಸಕ್ಕೆ ಹಣ ಮೀಸಲಿರಬೇಕು. ಬಿದ್ದ ಮೇಲೆ ಎತ್ತುವುದಕ್ಕೆ ಬೇಕಾದ ಹಣದ ಮುಂದೆ ಇದು ಏನೂ ಅಲ್ಲ.

ಈ ಸೀಮೆಯ ಹಳ್ಳಿಗಳಲ್ಲಿ ಯಾವ ಇಲಾಖೆಯ ಪಟ್ಟಿಗೂ ಸೇರದ ಹನುಮಂತನ ಗುಡಿ, ಈಶ್ವರನ ಗುಡಿ, ದಾರಿಬದಿಯ ಮಂಟಪಗಳು ಇವೆ. ಅವುಗಳ ಜೀರ್ಣೋದ್ಧಾರವನ್ನು ಊರಿನ ಸಮಿತಿಗಳೇ ಮಾಡುತ್ತವೆ, ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತವೆ. ಅಂಥ ಸಮಿತಿಯಲ್ಲಿರುವ ಓದುಗರಲ್ಲಿ ಒಂದು ಕೋರಿಕೆ. ಚಂದಾ ಎತ್ತುವ ಮುಂಚೆ ಗುಡಿಯ ನಾಲ್ಕೂ ಕಡೆಯಿಂದ ಫೋಟೊ ತೆಗೆಸಿ, ಅಳತೆ ಬರೆಸಿ. ಕಂಬಗಳಿಗೆ ಆಯಿಲ್ ಪೇಂಟ್ ಬಳಿಸಬೇಡಿ, ಹಳೆಯ ಹಾಸುಗಲ್ಲಿನ ಮೇಲೆ ಟೈಲ್ಸ್ ಕೂರಿಸಬೇಡಿ. ಸಿಮೆಂಟಿಗೆ ಮುಂಗಡ ಕೊಡುವ ಮೊದಲು ಕಮಲಾಪುರದ ಪುರಾತತ್ವ ಕಚೇರಿಗೆ ಹೋಗಿ ಒಬ್ಬ ತಜ್ಞರನ್ನು ಊರಿಗೆ ಕಳಿಸಿಕೊಡಿ ಎಂದು ಲಿಖಿತವಾಗಿ ಕೇಳಿ. ಅರ್ಜಿಯ ಒಂದು ಪ್ರತಿಯನ್ನು ಗ್ರಾಮ ಪಂಚಾಯಿತಿಗೂ ಕೊಡಿ.